ಅಪ್ಪ ಪಾಸ್ ಮಾಡದ ಗಾಜು

ಗಾಜಿನ ಶಿಲ್ಪ ಮಾಡುವವಳಿಗೆ ಗಾಜು ಒಡೆಯುವುದೊಂದೇ ಚಿಂತೆ ಎಂದು ಜನ ತಿಳಿದಿದ್ದಾರೆ. ಒಡೆದರೆ ಇನ್ನೊಂದು ಮಾಡಬಹುದು. ನನ್ನ ಚಿಂತೆ ಅಪ್ಪ. ಸರ್ಕಾರಿ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ರಿಟೈರ್ ಆದವರು. ಈಗ ಕುಷಾಯಿಗೂಡದ ಮನೆಯಲ್ಲಿ ನನ್ನ ಶಿಲ್ಪಗಳನ್ನು ಭೂತಗನ್ನಡಿ ಹಿಡಿದು ನೋಡಿ, "ಒಳಗ ಗುಳ್ಳಿ ಅದಾವ. ಫೇಲ್" ಅನ್ನುತ್ತಾರೆ. ಆ ಗುಳ್ಳೆಗಳನ್ನು ನಾನೇ ಬೇಕೆಂದು ಕೂರಿಸಿರುತ್ತೇನೆ. ಅವರ ಬಾಯಿಂದ ಒಮ್ಮೆ 'ಪಾಸ್' ಕೇಳಬೇಕು ಅಂತ ಆಸೆ. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆ, ಆದರೂ ಆಸೆ.

೧. ಕೌದಿಯೊಳಗಿನ ಕೂಸು

ಬಾಲಾನಗರದ ನನ್ನ ಶೆಡ್ಡಿನಿಂದ ಒಂದು ಶಿಲ್ಪವನ್ನು ಅಮ್ಮನ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದೆ. ಡ್ರೈವರ್ ಒಮ್ಮೆ ತಿರುಗಿ ನೋಡಿದವನೇ ಪ್ರತಿ ಸ್ಪೀಡ್‌ಬ್ರೇಕರನ್ನೂ ಮೆಲ್ಲಗೆ ಹತ್ತಿಸಿ ಮೆಲ್ಲಗೆ ಇಳಿಸಿದ. ಹಾರ್ನ್ ಹೊಡೆದವರನ್ನೆಲ್ಲ, ಮಗು ಮಲಗಿದೆ ಕಾಣಿಸುವುದಿಲ್ಲವೇ ಎಂದು ಹಿಂದಿಯಲ್ಲಿ ಗದರಿಸಿದ. ನಾನು ತಿದ್ದಲಿಲ್ಲ. ತಿದ್ದಿದ್ದರೆ ರಸ್ತೆಯ ಒಂದು ಗುಂಡಿಯನ್ನೂ ಬಿಡುತ್ತಿರಲಿಲ್ಲ. ಇಳಿಯುವಾಗ ಮಗುವಿನ ಹೆಸರೇನು ಅಂತ ಕೇಳಿದ. ಇನ್ನೂ ಇಟ್ಟಿಲ್ಲ ಅಂದೆ. ಸುಳ್ಳೇನಲ್ಲ, ಚೀಟಿಯ ಮೇಲೆ 'ಹೆಸರಿಲ್ಲದ್ದು – ಮೂರು' ಎಂದೇ ಬರೆದಿದ್ದೆ.

೨. ಮುಚ್ಚಳ

ಪಕ್ಕದ ಮನೆಯ ಕಾಕೂಗೆ ಗೃಹಪ್ರವೇಶಕ್ಕೆಂದು ತಿಂಗಳಿಡೀ ಕೂತು ಮಾಡಿದ, ಮೇಲೆ ಬಾಯಿ ತೆರೆದ ನೀಲಿ ಶಿಲ್ಪ ಕೊಟ್ಟಿದ್ದೆ. ಮುಂದೆ ಒಂದು ದಿನ ಹೋಗಿ ನೋಡಿದರೆ ಅದರ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ!

"ಭಾಳ ಚಲೋ ಐತಿ ನೋಡವಾ. ಒಂದು ಮುಚ್ಚಳಾ ಮಾಡಿಕೊಟ್ಟರ ಇರುವಿ ಹತ್ತೂದಿಲ್ಲ" ಅಂದರು ಕಾಕೂ.

ಮಾಡಿದೆ. ಅಪ್ಪ ಆ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿ, "ಫಿಟ್ಟಿಂಗ್ ಬರೋಬ್ಬರಿ ಐತಿ" ಅಂದರು. ಇಷ್ಟು ವರ್ಷದ ಕಲೆಗೆ ಅವರಿಂದ ಸಿಕ್ಕ ಮೊದಲ ಮೆಚ್ಚುಗೆ, ಅದೂ ಹಿಂಡಿಯ ಮುಚ್ಚಳಕ್ಕೆ.

೩. ಗೀರು

ಒಂದು ಹೋಟೆಲಿನವರು ಜೋಡಿ ಶಿಲ್ಪ ಕೇಳಿದ್ದರು. ಅವರ ಮೇಡಂ ನೋಡಲು ಮನೆಗೆ ಬರುವ ದಿನ ಬೆಳಿಗ್ಗೆ ಎದ್ದರೆ, ಒಂದರ ಬುಡದಲ್ಲಿ ಗೀರು. ಅಪ್ಪ ನನ್ನದೇ ಕೊರೆಯುವ ಪೆನ್ನಿನಿಂದ ಒಂದು ವೃತ್ತ ಬರೆದು, ಒಳಗೆ ಸಹಿ ಹಾಕಿದ್ದರು.

"ಅಪ್ಪಾ, ಏನು ಮಾಡೀರಿ ಇದು!"

"ಪಾಸ್ ಮಾಡೀನಿ."

"ಮತ್ತ ಗುಳ್ಳಿ?"

"ಎಣಿಸೀನಿ. ಎಲ್ಲಾದರ ನಡುವ ಅಂತರ ಒಂದ ಐತಿ. ಇವು ತಪ್ಪಿ ಆಗಿದ್ದಲ್ಲ, ಮಾಡಿದ್ದು."

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು.

ಮೇಡಂ ಬಂದವರು ಆ ಗೀರಿನ ಮೇಲೆ ಬೆರಳಾಡಿಸಿ ಕುಣಿದಾಡಿಬಿಟ್ಟರು. ಎರಡನೆಯದಕ್ಕೂ ಈ ಗುರುತು ಹಾಕಿಸಿ, ಎರಡನ್ನೂ ಇವತ್ತೇ ಒಯ್ಯುತ್ತೇವೆ ಅಂದರು. ನಾನು ಓಡಿಹೋಗಿ ಪೆನ್ನು ತಂದು ಅಪ್ಪನ ಕೈಗಿಟ್ಟೆ.

ಅಪ್ಪ ಭೂತಗನ್ನಡಿ ಹಿಡಿದು ಎರಡನೆಯದನ್ನು ಬುಡದಿಂದ ತುದಿಯವರೆಗೆ ನೋಡಿದರು. ಮೇಡಂ ಎರಡು ಸಲ ಗಡಿಯಾರ ನೋಡಿಕೊಂಡರು. ಕೊನೆಗೆ ಅಪ್ಪ ಪೆನ್ನನ್ನು ನನಗೆ ವಾಪಸ್ ಕೊಟ್ಟರು.

"ಮ್ಯಾಲಿಂದ ಮೂರನೇ ಗುಳ್ಳಿ ಸಾಲು ಬಿಟ್ಟೈತಿ. ಇದು ಫೇಲ್."