ಮೂರು ಪರ್ಸೆಂಟಿನ ನ್ಯಾಯ

ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಫೋನು ಬೆಳಿಗ್ಗೆ ಹದಿನೆಂಟು ಪರ್ಸೆಂಟು ತೋರಿಸಿತು. ಎರಡು ಬಸ್ಸು ಬದಲಿಸಿ ಕಚೇರಿ ಮುಟ್ಟುವಷ್ಟರಲ್ಲಿ ಮೂರಕ್ಕೆ ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಬರಿ ಬೀಳುತ್ತಿದ್ದರು. ತಕ್ಕಡಿ ರಾಯರು ಬೀಳಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷಿಸಿ ಆ ಹೆಸರು ಸಂಪಾದಿಸಿದವರು ಅವರು. ಅಳೆದು ನೋಡಿದರೂ ಬಗೆಹರಿಯದ ತೊಂದರೆ ಈ ಲೋಕದಲ್ಲಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅಂದು ಮಾತ್ರ ಫೋನು ಬೇಕೇ ಬೇಕಿತ್ತು. ಸಂಜೆ ನಾಲ್ಕಕ್ಕೆ ನಿರ್ದೇಶಕರು ಕರೆ ಮಾಡುವವರಿದ್ದರು. ರಾಯರ ಮನೆಯಿಂದ ಐದೇ ನಿಮಿಷ ನಡೆದರೆ ಸಿಗುವ ಶಾಖೆಯಲ್ಲಿ ಜಾಗ ಖಾಲಿಯಾಗಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಒಪ್ಪಿಗೆ ಎಂದರೆ ಮುಗಿಯಿತು, ಮಧ್ಯಾಹ್ನ ಮನೆಯಲ್ಲೇ ಬಿಸಿ ಊಟ, ಬಸ್ಸಿನ ಸಹವಾಸವೇ ಬೇಡ. ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದರು: "ರೀ, ಅಲ್ಲಿ ನಿಮ್ಮ ಬುದ್ಧಿವಂತಿಕೆ ತೋರಿಸೋಕೆ ಹೋಗ್ಬೇಡಿ. ಅವರು ಕೇಳಿದ್ದಕ್ಕೆ ಹೂಂ ಅನ್ನಿ, ಅಷ್ಟೇ."

ಕಚೇರಿಯಲ್ಲಿ ಚಾರ್ಜಿಗೆ ಹಾಕಿ ಹತ್ತು ನಿಮಿಷವಾದರೂ ಫೋನು ಮೂರು ಬಿಟ್ಟು ಕದಲಲಿಲ್ಲ.

"ಬ್ಯಾಟರಿ ಹೋಗಿದೆ ಸಾರ್," ಎಂದ ಜೀಪಿನ ಡ್ರೈವರು, ಯಾರೂ ಕೇಳದಿದ್ದರೂ.

"ಕವರ್ ತೆಗೀರಿ ಸಾರ್, ಪಾಪ ಅದಕ್ಕೆ ಸೆಕೆ," ಎಂದರು ಟೈಪಿಸ್ಟ್ ಅಕ್ಕ.

ಪಟ್ಟಿಯಲ್ಲಿ ಎರಡನೇ ಹೆಸರಿದ್ದ ಕ್ಯಾಷಿಯರು ಮಾತ್ರ ಡ್ರಾಯರಿನಿಂದ ಗೇಣುದ್ದದ ದಪ್ಪ ಕೇಬಲ್ಲೊಂದನ್ನು ತೆಗೆದು ಕೊಟ್ಟರು. ಒಳ್ಳೆಯ ಮನುಷ್ಯ. "ನಿಮ್ಮ ಕೇಬಲ್ಲೇ ಸರಿ ಇಲ್ಲ ರಾಯರೇ. ಇದಕ್ಕೆ ಹಾಕಿ, ಅರ್ಧ ಗಂಟೇಲಿ ಅರ್ಧ ತುಂಬುತ್ತೆ."

ರಾಯರು ಆಗಲೇ ಅದನ್ನು ಸಿಕ್ಕಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಕೇಬಲನ್ನು ಬೆರಳಲ್ಲಿ ಉಜ್ಜಿ ನೋಡಿ ನಕ್ಕರು.

"ದಪ್ಪ ಇದ್ರೆ ಒಳ್ಳೇದು ಅಂತ ಯಾರು ಹೇಳಿದ್ದು? ಒಳಗಿನ ತಾಮ್ರ ದಪ್ಪ ಇರ್ಬೇಕು, ಮೇಲಿನ ರಬ್ಬರಲ್ಲ. ತಂತಿ ಸಣ್ಣ ಆದ್ರೆ, ಉದ್ದ ಆದ್ರೆ, ಕರೆಂಟು ದಾರೀಲೇ ಸೋತು ಕೂರುತ್ತೆ. ಅಂಗಡಿಯವನೂ ತನ್ನ ತಕ್ಕಡಿ ಸರಿ ಇದೆ ಅಂತಾನೇ ಹೇಳ್ತಾನೆ. ನಾನು ನಂಬ್ತೀನಾ? ಎಲ್ರೂ ನಿಮ್ಮ ನಿಮ್ಮ ಕೇಬಲ್ ತನ್ನಿ, ಅಳೆದೇ ನೋಡೋಣ."

ಮೇಜಿನ ಮೇಲೆ ಆರು ಕೇಬಲ್ ಬಿದ್ದವು. ರಾಯರು ಹಾಳೆಗೆ ಗೆರೆ ಹೊಡೆದು ಪಟ್ಟಿ ಸಿದ್ಧ ಮಾಡಿದರು. ಒಂದೇ ಚಾರ್ಜರು, ಒಂದೊಂದಕ್ಕೂ ಹತ್ತು ನಿಮಿಷ. ಮುಳ್ಳು ಸೊನ್ನೆಗೆ ಬಾರದೆ ತಕ್ಕಡಿಗೆ ಏನನ್ನೂ ಹಾಕಬಾರದು ಎನ್ನುವುದು ಇಲಾಖೆಯ ಮೊದಲ ಪಾಠ. ಆದ್ದರಿಂದ ಪ್ರತಿ ಕೇಬಲ್ಲೂ ಮೂರು ಪರ್ಸೆಂಟಿನಿಂದಲೇ ಶುರುವಾಗಬೇಕು.

"ಅಂದ್ರೆ ಹತ್ತಿದ ಚಾರ್ಜನ್ನ ಮತ್ತೆ ಇಳಿಸ್ತೀರಾ?" ಎಂದರು ಕ್ಯಾಷಿಯರು.

"ಇಳಿಸ್ದೆ ಇದ್ರೆ ನ್ಯಾಯ ಎಲ್ಲಿ ಬಂತು?"

ರಾಯರ ಕೇಬಲ್, ಬಸ್ಸಿನಲ್ಲಿ ಕೊಂಡದ್ದು, ಮೂರರಲ್ಲೇ ನಿಂತಿತು. ಟೈಪಿಸ್ಟ್ ಅಕ್ಕನದು ಮಂಚದಿಂದ ಗೋಡೆ ಮುಟ್ಟುವಷ್ಟು ಉದ್ದ, ನಾಲ್ಕಕ್ಕೆ ಏರಿತು. ಡ್ರೈವರನ ಕೇಬಲ್ಲಿಗೆ ಕತ್ತು ಮುರಿದಿತ್ತು. ಅವನು ಹತ್ತು ನಿಮಿಷ ಅದನ್ನು ವಾರೆಯಾಗಿ ಹಿಡಿದು ಉಸಿರು ಬಿಗಿಹಿಡಿದು ನಿಂತ ಮೇಲೆ ಐದಾಯಿತು. ಪಕ್ಕದ ಕೋಣೆಯವರು ತಂದಿದ್ದ ಎರಡು ಹತ್ತು ದಾಟಿದವು. ಪ್ರತಿ ಸಲವೂ ರಾಯರು ಫೋನಿನ ಟಾರ್ಚು ಹೊತ್ತಿಸಿ, ಯಾವುದೋ ವಿಡಿಯೊ ಓಡಿಸಿ ಅದನ್ನು ಮೂರಕ್ಕೆ ಎಳೆದು ತಂದರು. ಹಗಲು ಹೊತ್ತಿನಲ್ಲೇ ಟಾರ್ಚು ಉರಿಸಿಕೊಂಡು ಡಬ್ಬಿಯ ಊಟವನ್ನೂ ಮುಗಿಸಿದರು.

ಕೊನೆಗೆ ಕ್ಯಾಷಿಯರ ಕೇಬಲ್. ಮೂರು ಗಂಟೆಗೆ ಸಿಕ್ಕಿಸಿದರು. ಹತ್ತೇ ನಿಮಿಷದಲ್ಲಿ ಇಪ್ಪತ್ತು.

"ಇನ್ನು ಹಾಗೇ ಬಿಡಿ ರಾಯರೇ, ಕೈ ಮುಗೀತೀನಿ," ಎಂದರು ಕ್ಯಾಷಿಯರು.

"ಒಂದು ಸಲ ತೂಗಿದ್ದನ್ನ ಯಾರು ಒಪ್ತಾರೆ? ಮರುತೂಕ ಆಗ್ಬೇಕು," ಎಂದು ರಾಯರು ಟಾರ್ಚು ಹೊತ್ತಿಸಿದರು. "ನಾಲ್ಕಕ್ಕೆ ಹತ್ತು ನಿಮಿಷ ಮುಂಚೆ ಹಾಕಿದ್ರೂ ಬೇಕಾದಷ್ಟು. ಯಾವ ಕೇಬಲ್ ಅಂತ ಈಗ ಗೊತ್ತಲ್ಲ."

ಟೈಪಿಸ್ಟ್ ಅಕ್ಕ ಪಟ್ಟಿಯ ಫೋಟೊ ತೆಗೆದರು. "ಇಲಾಖೆ ಗುಂಪಿಗೆ ಹಾಕ್ಲಾ ಸಾರ್? ಎಲ್ರಿಗೂ ಉಪಯೋಗ."

"ಹಾಕಿ. ಕೆಳಗೆ ನನ್ನ ಸಹಿ ಕಾಣೋ ಹಾಗಿರಲಿ."

ನಿರ್ದೇಶಕರು ನಾಲ್ಕಕ್ಕೆ ಕಾಯಲಿಲ್ಲ. ಮೂರು ಮುಕ್ಕಾಲಿಗೇ ಫೋನು ಬಡಿದುಕೊಂಡಿತು. ಚಾರ್ಜು ಸರಿಯಾಗಿ ಮೂರು. ಪ್ಲಗ್ಗಿದ್ದದ್ದು ಮೇಜಿನ ಕೆಳಗೆ. ಆ ಗೇಣುದ್ದದ ಕೇಬಲ್ಲಿಗೆ ಸಿಕ್ಕಿಸಿ ಮಾತಾಡಬೇಕಾದರೆ ನೆಲದ ಮೇಲೆ ಕೂರಬೇಕು. ನಿರ್ದೇಶಕರ ಹತ್ತಿರ ನೆಲದ ಮೇಲೆ ಕೂತು ಮಾತಾಡುವುದುಂಟೇ? ರಾಯರು ನೆಟ್ಟಗೆ ನಿಂತು ಫೋನು ಕಿವಿಗಿಟ್ಟರು.

"ರಾಯರೇ, ಗುಂಪಲ್ಲಿ ನಿಮ್ಮ ಪಟ್ಟಿ ನೋಡಿದೆ. ನಿಮ್ಮದೇ ತಾನೆ?"

"ಹೂಂ ಸಾರ್."

"ಎಷ್ಟು ಅಚ್ಚುಕಟ್ಟು ಕಣ್ರೀ. ಇಂಥವರನ್ನ ಯಾವುದೋ ಶಾಖೇಲಿ ಕೂರಿಸೋದು ತಪ್ಪು. ಕೇಂದ್ರ ಪ್ರಯೋಗಾಲಯಕ್ಕೆ ಬನ್ನಿ. ಒಪ್ಪಿಗೆ ತಾನೆ?"

ಪ್ರಯೋಗಾಲಯ ಇದ್ದದ್ದು ಊರಿನ ಆಚೆ ಕೊನೆಯಲ್ಲಿ, ಮೂರು ಬಸ್ಸು. ಆದರೆ ಬೆಳಿಗ್ಗೆಯಿಂದ ಅಭ್ಯಾಸ ಮಾಡಿಕೊಂಡಿದ್ದ ನಾಲಿಗೆ ಅವರಿಗಿಂತ ಮುಂದೆ ಓಡಿತು.

"ಹೂಂ ಸಾರ್... ಅಂದ್ರೆ, ಹಾಗಲ್ಲ ಸಾರ್, ನನಗೆ..."

ಮೊದಲ ಹೂಂ ಬಿಟ್ಟು ಮಿಕ್ಕದ್ದು ನಿರ್ದೇಶಕರಿಗೆ ಕೇಳಿಸಲಿಲ್ಲ. ಫೋನು ಕಣ್ಣು ಮುಚ್ಚಿತ್ತು. ಟೈಪಿಸ್ಟ್ ಅಕ್ಕನ ಫೋನಿನಿಂದ ಮತ್ತೆ ಮತ್ತೆ ಪ್ರಯತ್ನಿಸಿದರು. ನಿರ್ದೇಶಕರು ಬೇರೆ ಕರೆಯಲ್ಲಿದ್ದರು. ಆಮೇಲೆ ಗುಂಪಿನಲ್ಲೇ ಆದೇಶ ಬಂತು: ರಾಯರು ಸ್ವಇಚ್ಛೆಯಿಂದ ಪ್ರಯೋಗಾಲಯಕ್ಕೆ, ಶಾಖೆಯ ಖಾಲಿ ಜಾಗಕ್ಕೆ ಪಟ್ಟಿಯ ಎರಡನೇ ಹೆಸರು, ಕ್ಯಾಷಿಯರು.

ಕ್ಯಾಷಿಯರಿಗೆ ಸಂತೋಷ ಪಡುವುದಕ್ಕೂ ಸಂಕೋಚ. ತಮ್ಮ ಕೇಬಲನ್ನು ಸುತ್ತಿ ರಾಯರ ಕೈಗಿಟ್ಟರು. "ನೀವೇ ಇಟ್ಕೊಳ್ಳಿ. ಇನ್ಮೇಲೆ ನಿಮಗೆ ದಾರಿ ಉದ್ದ."

ರಾಯರು ನೆಲದ ಮೇಲೆ ಕೂತು ಫೋನಿಗೆ ಅದನ್ನು ಸಿಕ್ಕಿಸಿದರು. ಹೇಳಿದಂತೆ ಅರ್ಧ ಗಂಟೆಯಲ್ಲಿ ಅರ್ಧ ತುಂಬಿತು. ತುಂಬಿದ್ದೇ ತಡ, ಮನೆಯಿಂದ ಕರೆ.

"ರೀ, ಹೂಂ ಅಂದ್ರಾ?"

"ಅಂದೆ," ಎಂದರು ರಾಯರು.