ಡಬ್ಬಿಯಲ್ಲಿ ತಂದ ತವರು

ನಾನು ಶಹಾಪುರದಲ್ಲಿ ಮದುವೆಯ ವಿಡಿಯೊ ತೆಗೆಯುವವನು. ಊರಿನ ಅರ್ಧ ಜನರ ಅಕ್ಷತೆ ನನ್ನ ಕಂಪ್ಯೂಟರಿನಲ್ಲಿದೆ. ಆದ್ದರಿಂದ ಯಂತ್ರಗಳ ವಿಷಯದಲ್ಲಿ ನನ್ನ ಮಾತೇ ಕಡೆಯ ಮಾತು ಎಂದು ನಂಬಿದ್ದೆ. ಬೇರೆ ಯಾರೂ ನಂಬಿರಲಿಲ್ಲ!

ಈ ವರ್ಷ ನನ್ನ ಹೆಂಡತಿ ನೀಲಮ್ಮನಿಗೆ ಬೆನ್ನಿನ ಆಪರೇಷನ್ ಆಯಿತು. ಕೆಲವು ತಿಂಗಳು ಬಸ್ಸಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದರು. ಅಷ್ಟರಲ್ಲಿ ನಾಗರ ಪಂಚಮಿ ಹತ್ತಿರ ಬಂತು. ಪಂಚಮಿಗೆ ತವರಿಗೆ ಹೋಗದಿದ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅನ್ನ ಇಳಿಯುವುದಿಲ್ಲ. ಅವಳ ತವರು ಕಕ್ಕೇರಾ. ಅಲ್ಲಿ ಅವಳ ಅವ್ವ ದಿನದಿನಕ್ಕೆ ಇಳಿದುಹೋಗುತ್ತಿದ್ದಳು.

"ಒಮ್ಮಿ ಅವ್ವನ್ನ ನೋಡಬೇಕಾಗ್ಯದರಿ. ಮುಂದಿನ ಪಂಚಮಿಗೆ ಸಿಗ್ತಾಳೋ ಇಲ್ಲೋ," ಎಂದಳು ನೀಲಮ್ಮ.

"ನೀ ಯಾಕ ಹೋಗಬೇಕು? ನಿನ್ನ ತವರುಮನಿನೇ ಇಲ್ಲಿಗೆ ತರ್ತೀನಿ!" ಎಂದೆ.

"ನೀವು ಸಂತಿಯಿಂದ ಕೊತ್ತಂಬ್ರಿನೇ ಮರತು ಬರ್ತೀರಿ," ಎಂದು ಅವಳು ಮಗ್ಗಲು ಬದಲಿಸಿದಳು.

ಹೊರದೇಶದ ಕಂಪನಿಯೊಂದು ಕಂಪ್ಯೂಟರಿಗೆಂದೇ ಭಾರೀ ದರ್ಜೆಯ ವಿ.ಆರ್. ಹೆಡ್‌ಸೆಟ್ ತಯಾರಿಸುತ್ತದೆ. ಡಬ್ಬಿಯಂತಹ ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಮುಗಿಯಿತು, ತಿರುಗಿದ ಕಡೆಯೆಲ್ಲ ಬೇರೆಯದೇ ಲೋಕ. "ನೀವು ನೋಡುವುದಿಲ್ಲ, ಅಲ್ಲಿಯೇ ಇರುತ್ತೀರಿ" ಎಂದು ಕಂಪನಿಯವರು ಬರೆದಿದ್ದರು. ನಾನು ಅದನ್ನು ದೇವರ ವಾಕ್ಯವೆಂದು ತಿಳಿದು, ಒಂದನ್ನು ತರಿಸಲು ಹೇಳಿ, ಯಾದಗಿರಿಯ ಗೆಳೆಯನಿಂದ ಸುತ್ತಲೂ ಚಿತ್ರ ಹಿಡಿಯುವ ಕ್ಯಾಮೆರಾ ಇಸಿದುಕೊಂಡು, ಪಂಚಮಿಯ ದಿನ ಕಕ್ಕೇರಾಕ್ಕೆ ಹೊರಟೆ.

ಅಂಗಳದ ಬೇವಿನ ಮರದ ಕೆಳಗೆ ತೆಳ್ಳಗಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ನೆತ್ತಿಗೆ ಕ್ಯಾಮೆರಾ ಕೂರಿಸಿದೆ.

"ಅತ್ತಿ, ಇದೇ ನೀಲಮ್ಮ ಅಂತ ತಿಳ್ಕೊಂಡು ಮಾತಾಡ್ರಿ."

ಅತ್ತೆ ಕೋಲು ಊರಿಕೊಂಡು ಬಂದು ಸ್ಟ್ಯಾಂಡನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಯ್ಯ ನನ್ನವ್ವಾ, ಎಷ್ಟು ಸೊರಗೀದಿ!"

ಮಾವ ನಕ್ಕು ನಕ್ಕು ಕೆಮ್ಮಿದರು. ಅತ್ತೆ ಮಾತ್ರ ನಗಲಿಲ್ಲ. ಸ್ಟ್ಯಾಂಡಿಗೆ ಶೇಂಗಾ ಉಂಡಿ ಕೊಡಲು ಹೋದಳು, ಬೆನ್ನು ಹೇಗಿದೆ ಎಂದು ಕೇಳಿದಳು. ನಾನು ಹುರುಪಿನಲ್ಲಿ ಕ್ಯಾಮೆರಾವನ್ನು ಹಬ್ಬಕ್ಕೆ ಕಟ್ಟಿದ್ದ ಜೋಕಾಲಿಗೂ ಕಟ್ಟಿ ತೂಗಿದೆ. ಹೊರಡುವಾಗ ಅತ್ತೆ, ತವರಿನಿಂದ ಹೊರಟ ಮಗಳಿಗೆ ತುಂಬುವಂತೆಯೇ, ಮತ್ತೆ ಸ್ಟ್ಯಾಂಡಿಗೆ ಬಂದ ಕ್ಯಾಮೆರಾಕ್ಕೂ ಉಡಿ ತುಂಬಿದಳು. ಬೊಗಸೆ ಬೊಗಸೆ ಅಕ್ಕಿ ನೆಲಕ್ಕೆ ಬಿತ್ತು. ಕೋಳಿಗಳಿಗೆ ಹಬ್ಬವಾಯಿತು.

ಆಮೇಲೆ ಬೇರೆ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಬಸದ ಖಣ ಗಂಟು ಕಟ್ಟಿ ನನ್ನ ಮುಂದೆ ಹಿಡಿದಳು. "ಅಳಿಯಾರ, ಇದನ್ನ ಒಯ್ದು ಆಕಿ ಉಡ್ಯಾಗ ಹಾಕ್ರಿ."

"ಎಲ್ಲಾ ಇದರಾಗ ಬಂದದರಿ ಅತ್ತಿ! ಚೀಲದಾಗ ಜಾಗ ಇಲ್ಲ, ಗಂಟು ಒತ್ತಿದ್ರ ಕ್ಯಾಮೆರಾದ ಗಾಜು ಒಡೀತದ," ಎಂದು ನಾನು ಗಂಟನ್ನು ಅಂಗಳದ ಕಟ್ಟೆಯ ಮೇಲೆಯೇ ಇಟ್ಟು, ಆಮೇಲೆ ಓಡುತ್ತಿದ್ದ ಕ್ಯಾಮೆರಾ ನಿಲ್ಲಿಸಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಹೆಡ್‌ಸೆಟ್ ಬಂತು. ನನ್ನ ಕಂಪ್ಯೂಟರಿಗೆ ಅದನ್ನು ನಡೆಸುವ ತಾಕತ್ತಿಲ್ಲವೆಂದು ಪರದೆಯ ಮೇಲೆಯೇ ಬರೆದು ತೋರಿಸಿತು. ಕಂಪ್ಯೂಟರಿನ ಒಳಗಿನದೆಲ್ಲ ಬದಲಿಸಿದೆ. ಕಂಪನಿಗೆ ಬರೆದರೆ, ಕೋಣೆಯಲ್ಲಿ ಅಡೆತಡೆ ಇರಕೂಡದು ಎಂದು ವಿನಯದಿಂದ ಉತ್ತರಿಸಿದರು. ಇದ್ದ ದೊಡ್ಡ ಅಡೆತಡೆ ನೀಲಮ್ಮನ ಮಂಚ. ಅದನ್ನು ಪಡಸಾಲೆಗೆ ಸಾಗಿಸಿದೆ, ಅವಳ ಸಮೇತ!

ಪರೀಕ್ಷೆಗೆ ಪಕ್ಕದ ಮನೆಯ ಮೌಲಾಸಾಬರು ಸಿಕ್ಕರು. ಅವರ ಗ್ರಹಚಾರಕ್ಕೆ ಜೋಕಾಲಿಯ ಭಾಗವೇ ಶುರುವಾಯಿತು. "ಯಾ ಅಲ್ಲಾ! ಇಳಸ್ರಿ ನನ್ನ, ಇಳಸ್ರಿ!" ಎಂದು ಕೂಗುತ್ತ ಅವರು ಬೀರುವನ್ನು ತಬ್ಬಿಕೊಂಡರು. ಜೋಕಾಲಿ ನಿಂತರೂ ಬೀರು ಬಿಡಲಿಲ್ಲ. ನೀಲಮ್ಮನ ಬೆನ್ನಿಗೆ ಅಪಾಯವೆಂದು ವಿಡಿಯೊದಿಂದ ಜೋಕಾಲಿಯ ಭಾಗವನ್ನು ಕತ್ತರಿಸುತ್ತ ಕುಳಿತೆ.

ಕತ್ತರಿಸುತ್ತಿರುವಾಗಲೇ ಕಕ್ಕೇರಾದಿಂದ ಫೋನು ಬಂತು. ಅತ್ತೆ ಹೋಗಿಬಿಟ್ಟಿದ್ದಳು.

ಮೌಲಾಸಾಬರ ಟಂಟಂ ಗಾಡಿಯಲ್ಲಿ ಗಾದಿ ಹಾಸಿ, ನೀಲಮ್ಮನನ್ನು ಮಲಗಿಸಿಕೊಂಡು ಅವಳ ಅವ್ವನ ಮಣ್ಣಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಒಂದೇ ಮಾತು ಆಡಿದಳು: "ಪಂಚಮಿಗೂ ಈ ಗಾಡಿ ಇತ್ತಲ್ರಿ." ಗಾಡಿಯೂ ಇತ್ತು, ಗಾದಿಯೂ ಇತ್ತು. ನನಗೆ ಹೊಳೆದಿರಲಿಲ್ಲ, ಅಷ್ಟೆ. ನಾಚಿಕೆಯಿಂದ ಸತ್ತೆ.

ದಿನಕರ್ಮ ಮುಗಿಸಿ ಶಹಾಪುರಕ್ಕೆ ಬಂದ ಮೇಲೆ ಅವಳೇ ಕೇಳಿದಳು. "ಆ ಡಬ್ಬಿ ಕಟ್ರಿ."

ಕಟ್ಟಿದೆ. ಯಂತ್ರ ಒಂದು ತಕರಾರೂ ಮಾಡಲಿಲ್ಲ. "ಅಯ್ಯ ನನ್ನವ್ವಾ, ಎಷ್ಟು ಸೊರಗೀದಿ!" ಎಂದಳು ಅತ್ತೆ. "ಹೌದು ಬೇ ಅವ್ವಾ," ಎಂದು ನೀಲಮ್ಮ ನಕ್ಕಳು. ಡಬ್ಬಿಯ ಕೆಳಗಿನಿಂದ ಕಣ್ಣೀರು ಗದ್ದಕ್ಕಿಳಿಯಿತು. ಕಡೆಗೆ ಉಡಿ ತುಂಬುವ ಹೊತ್ತು ಬಂತು. ಅವಳು ಗೋಡೆ ಹಿಡಿದು ಎದ್ದು ನಿಂತು, ಎರಡೂ ಕೈಯಲ್ಲಿ ಸೆರಗೊಡ್ಡಿದಳು. ಒಡ್ಡಿಯೇ ನಿಂತಳು. ಆಮೇಲೆ ಮೆಲ್ಲಗೆ ಸೆರಗಿನೊಳಗೆ ಕೈಯಾಡಿಸಿದಳು.

"ರೀ, ಅವ್ವ ಹಾಕಿದ ಅಕ್ಕಿ ಎಲ್ಲಿ?"

ನಾನು ಅಡುಗೆಮನೆಗೆ ಓಡಿ, ಬೊಗಸೆ ಅಕ್ಕಿ ತಂದು ಸುರಿದೆ. ಅವಳು ಬೆರಳಲ್ಲಿ ಮುಟ್ಟಿ ನೋಡಿದಳು.

"ಇದು ನಮ್ಮನಿ ಅಕ್ಕಿರಿ," ಎಂದಳು. ಸೆರಗು ಮಾತ್ರ ಇಳಿಸಲಿಲ್ಲ.

ಮೊನ್ನೆ ಕಂಪನಿಯವರು ಬರೆದಿದ್ದರು: ನಮ್ಮ ಹೆಡ್‌ಸೆಟ್ ತೃಪ್ತಿಕರವಾಗಿದೆಯೇ, ಏನಾದರೂ ದೋಷವಿದೆಯೇ? ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ. ಯಂತ್ರದಲ್ಲಿ ದೋಷವಿಲ್ಲ, ಬೇವಿನ ಮರ, ಕಟ್ಟೆ, ಕೋಳಿ ಎಲ್ಲವೂ ಸ್ಪಷ್ಟವಾಗಿ ಬಂದಿವೆ. ಕಟ್ಟೆಯ ಮೇಲೆ ನಾನು ಬಿಟ್ಟುಬಂದ ಗಂಟು ಕೂಡ.