ಬಸವಂತ ಆರಿಸಿದ ಹಲಗೆ

ಬಸವಂತನಿಗೆ ಸ್ವಂತ ಅಭಿಪ್ರಾಯ ಎನ್ನುವುದು ಇರಲಿಲ್ಲ. ರೈಲ್ವೆ ಕಚೇರಿಯಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ಮನೆಯಲ್ಲಿ ಹೆಂಡತಿ ಹೇಮಲತಾ ಇದ್ದಳು. ಆದರೆ ಆಕೆ ಹುಬ್ಬಳ್ಳಿಗೆ ಹೊರಡುವಾಗ ಹೇಳಿದ್ದಳು: "ಅಡಿಗಿಮನಿ ಕಪಾಟಿಗೆ ಹಲಗಿ ಈ ಸಲ ನೀವ ಆರಿಸ್ರಿ. ಯಾರನ್ನೂ ಕೇಳಬ್ಯಾಡ್ರಿ. ಇದೊಂದು ಬರೋಬರ್ ಮಾಡಿದ್ರ ಇನ್ನ ಮುಂದ ಮನ್ಯಾಗ ನಿಮ್ಮ ಮಾತ ನಡೀತೈತಿ."

ಇವತ್ತು ಸಂಜೆ ಅವಳು ಬರುವವಳಿದ್ದಳು.

ಬೆಳಿಗ್ಗೆ ಬಡಗಿ ಶಾಮ ಹಳೆಯ ಕಪಾಟು ಕಿತ್ತು ರಾಶಿ ಹಾಕಿದ. ಆರಿಸಲೆಂದು ತಂದ ಹೊಸ ಹಲಗೆಗಳನ್ನು ಬಾಲ್ಕನಿಯ ಗೋಡೆಗೆ ಒರಗಿಸಿ, ಸಂಜೆ ಬರುತ್ತೇನೆಂದು ಹೋದ. ಸದ್ದು ಕೇಳಿ ಮೇಲಿನ ಮನೆಯ ಗುರುಪ್ರಸಾದ್ ಇಳಿದು ಬಂದರು.

"ಈ ಹಳೇ ಕಸ ಯಾಕ್ರೀ ಇಟ್ಕೊಂಡಿದೀರ? ಗೆದ್ದಲು ಹಿಡಿಯತ್ತೆ. ಗುಜರಿಯವನು ಕೆಳಗೇ ಇದಾನೆ."

ಬಸವಂತ ಪುಕ್ಕಟೆ ಕೊಟ್ಟುಬಿಟ್ಟ. ಗುಜರಿಯವನು ಯಾಕೋ ತಿರುಗಿ ತಿರುಗಿ ಕೈಮುಗಿದು ಹೋದ.

"ಇನ್ನು ಹಲಗೆ ನೆನೆಸಿ ನೋಡಿ. ಊದ್ಕೊಂಡ್ರೆ ಬೇಡ" ಎಂದರು ಗುರುಪ್ರಸಾದ್.

ಬಕೆಟ್ಟಿನಲ್ಲಿ ಹಿಡಿಸದೆ ಕೂಲರಿನ ತೊಟ್ಟಿಗೆ ಇಳಿಸಿದರು. ಮಧ್ಯಾಹ್ನಕ್ಕೆ ಒಂದು ಹಲಗೆ ಉಪ್ಪಿಟ್ಟಿನಂತೆ ಅರಳಿ ಪಂಪಿಗೆ ನುಗ್ಗಿತು. ಕೂಲರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾಗಪುರದ ಮೇ ತಿಂಗಳು ಒಳಗೆ ಬಂದು ಕುಳಿತಿತು.

ಎದುರುಮನೆಯ ಉತ್ತಪ್ಪ ಸೈನ್ಯದಿಂದ ನಿವೃತ್ತರಾದವರು, ತೂಕ ಮಾತ್ರ ನಿವೃತ್ತವಾಗಿರಲಿಲ್ಲ. "ನೀರು ಎಂಥದು ಮಾರಾಯ! ಭಾರ ತಡೀಬೇಕು" ಎಂದು ಇಟ್ಟಿಗೆಗಳ ಮೇಲೆ ಪ್ಲೈವುಡ್ ಇಟ್ಟು ಹತ್ತಿ ನಿಂತರು. ಅದು ಹಪ್ಪಳವಾಯಿತು. ಪ್ಲಾಸ್ಟಿಕ್ ಹಲಗೆಯ ಮೇಲೆ ಬಿಸಿ ಕುಕ್ಕರ್ ಇಟ್ಟರು. ಅದು ದೋಸೆಯಂತೆ ಮಡಚಿಕೊಂಡಿತು.

ಕೊನೆಯದೊಂದು ಮಾತ್ರ ನೆನೆಯಲಿಲ್ಲ, ಸುಡಲಿಲ್ಲ, ಉತ್ತಪ್ಪ ಕುಣಿದರೂ ಕುಯ್ಯೆನ್ನಲಿಲ್ಲ. ಅದರ ಮೇಲೊಂದು ದುಂಡನೆಯ ಗುರುತಿತ್ತು. ದೊಡ್ಡ ಕಂಪನಿಯ ಮುದ್ರೆ ಇರಬೇಕೆಂದುಕೊಂಡ ಬಸವಂತ.

ಸಂಜೆ ಹೇಮಲತಾ, ಶಾಮ ಒಟ್ಟಿಗೇ ಬಂದರು.

"ನೋಡು ಹೇಮಾ, ಇದ! ನಾನ ಆರಿಸೀನಿ. ಯಾರನ್ನೂ ಕೇಳಿಲ್ಲ."

ನೆರೆಯವರಿಬ್ಬರೂ ಛಾವಣಿ ನೋಡಿದರು. ಹೇಮಲತಾ ಹಲಗೆಯ ಗುರುತನ್ನು ಬೆರಳಿನಿಂದ ಮುಟ್ಟಿದಳು.

"ರೀ, ಇದು ನನ್ನ ಎಣ್ಣಿ ಡಬ್ಬಿ ಇಟ್ಟ ಗುರ್ತು. ಹಳೇ ಕಪಾಟಿನ ಒಳಗಿನ ಹಲಗಿ ಇದು. ಮ್ಯಾಲೆ ಪೇಪರ್ ಹಾಸಿರ್ತಿದ್ದೆ. ನೀವು ಒಮ್ಮೆರ ಅಡಿಗಿಮನ್ಯಾಗ ಕೈ ಹಾಕಿದ್ರ ಗೊತ್ತಾಗ್ತಿತ್ತು."

"ಅಸಲಿ ಸಾಗವಾನ್, ಸಾಹೇಬ್!" ಎಂದ ಶಾಮ. ಅಳತೆಗೆಂದು ಒಂದನ್ನು ತೆಗೆದು ಹೊಸವುಗಳ ಜೊತೆ ಇಟ್ಟಿದ್ದನಂತೆ. ಹಳೇ ಕಪಾಟಿನ ಉಳಿದ ಮರಕ್ಕೆ ಪಾಲಿಶ್ ಹೊಡೆದರೆ ಹೊಸ ಹಲಗೆಯೇ ಬೇಡವಂತೆ. ಎಲ್ಲಿದೆ ಅದು?

ಬಸವಂತ ಗುರುಪ್ರಸಾದರ ಕಡೆ ತಿರುಗಿದ. ಅವರು ಆಗಲೇ ಮೆಟ್ಟಿಲು ಹತ್ತಿಯಾಗಿತ್ತು.

ಹೋದದ್ದು ಇಷ್ಟು: ಸಾಗವಾನಿ ಕಪಾಟು ಒಂದು, ಕೂಲರಿನ ಪಂಪು ಒಂದು, ಮನೆಯಲ್ಲಿ ನಡೆಯಬೇಕಿದ್ದ ಮಾತು ಒಂದು.